ಐದನೇ ಗೂಟದ ನಾಯಿ

ಆಗಸ್ಟ್ 12, 1983

ನಿವೃತ್ತನಾದ ಮೇಲೆ ನಿಂತುಹೋಗಿದ್ದ ದಿನಚರಿಯನ್ನು ಇವತ್ತು ಮತ್ತೆ ತೆರೆದಿದ್ದೇನೆ. ಕಾರಣ ನಾಯಿ.

ಬಿಷಪ್ ಸತ್ತು ಮೂರು ತಿಂಗಳಾಯಿತು. ಹನ್ನೆರಡು ವರ್ಷ ನನ್ನ ಜೊತೆ ಬೇಟೆಗೆ ಬಂದ ಕರಿ ಲ್ಯಾಬ್ರಡಾರ್ ಅವನು. ಸೇಬಿನ ಮರದ ಕೆಳಗೆ ಮಲಗಿಸಿದ್ದೇವೆ. ಅವನ ಬಗ್ಗೆ ಬರೆದರೆ ಕಣ್ಣು ಒದ್ದೆಯಾಗುತ್ತದೆ, ಹಾಗಾಗಿ ಬರೆಯುವುದಿಲ್ಲ.

ಮಧ್ಯಾಹ್ನ ಪಬ್ಬಿನಲ್ಲಿ ಹಾರ್ಕರ್ ಹಿಡಿದುಕೊಂಡ. ನಮ್ಮ ಬೇಟೆಯ ಗುಂಪಿಗೆ ಅವನು ಮುಖಂಡ. ತಾನೇ ಹಾಗೆಂದುಕೊಂಡ, ನಾವು ಬೇಡವೆನ್ನಲಿಲ್ಲ.

"ಆಂಬ್ರೋಸ್, ನಿಯಮ ಗೊತ್ತಲ್ಲ? ಹೊಡೆದ ಹಕ್ಕೀನ ಹುಡುಕಿ ತರೋಕೆ ಪ್ರತಿಯೊಬ್ಬನಿಗೂ ಸ್ವಂತ ನಾಯಿ ಇರ್ಬೇಕು. ಮೊದಲನೇ ಬೇಟೆಗೆ ಎರವಲು ನಾಯಿ ತಾ, ಪರವಾಗಿಲ್ಲ. ನವೆಂಬರ್ ಹನ್ನೆರಡರ ಬೇಟೆಗೆ ಮಾತ್ರ ಹೇಳಿದ ಮಾತು ಕೇಳೋ ಸ್ವಂತ ನಾಯಿ ಬೇಕು. ಇಲ್ದಿದ್ರೆ ಐದನೇ ಗೂಟಕ್ಕೆ ಬೇರೆಯವರು ಕಾಯ್ತಿದ್ದಾರೆ."

ಬೇರೆಯವರು ಎಂದರೆ ಅವನ ಅಳಿಯ, ಲೀಡ್ಸ್‌ನ ಹಲ್ಲಿನ ಡಾಕ್ಟರು. ಗೂಟ ಎಂದರೆ ಬಂದೂಕು ಹಿಡಿದ ಈಡುಗಾರ ನಿಲ್ಲಬೇಕಾದ ಜಾಗದ ಗುರುತು. ಬೇರೆ ಗುಂಪುಗಳಲ್ಲಿ ಚೀಟಿ ಎತ್ತಿ ಗೂಟ ಹಂಚುತ್ತಾರೆ. ನಮ್ಮಲ್ಲಿ ಒಂಬತ್ತು ಜನ, ಒಂಬತ್ತು ಗೂಟ, ಒಮ್ಮೆ ಸಿಕ್ಕ ಗೂಟ ಸಾಯುವ ತನಕ. ಸೋವಿನವರು ಕಾಡಿನೊಳಗಿಂದ ಪೊದೆ ಬಡಿಯುತ್ತಾ ಬಂದು ಫೆಸೆಂಟ್ ಹಕ್ಕಿಗಳನ್ನು ಎಬ್ಬಿಸುವಾಗ, ಐದನೇ ಗೂಟದ ಪಕ್ಕ ಬಂದೂಕು ಹಿಡಿದು ನಿಂತರೆ ಆಕಾಶವೆಲ್ಲ ನನ್ನದೇ. ಅದನ್ನು ಹಲ್ಲು ಕೀಳುವವನಿಗೆ ಬಿಟ್ಟುಕೊಡುವುದೇ? ನನ್ನ ಹೆಣ ಬಿದ್ದ ಮೇಲೆಯೇ.

ನಲವತ್ತು ವರ್ಷ ದನಕುರಿ ಹರಾಜು ಕೂಗಿದವನು ನಾನು. ಹೋರಿಯ ಹಿಂಗಾಲು ನೋಡಿ ಅದರ ಅಜ್ಜಿಯ ಸ್ವಭಾವ ಹೇಳಬಲ್ಲೆ. ಒಂದು ನಾಯಿ ಆರಿಸುವುದು ಯಾವ ಮಹಾ ಕೆಲಸ? ಹಳೆಯ ಹರಾಜಿನ ಚೀಟಿಗಳನ್ನು ತೆಗೆದು ಬರೆದೆ.

ಲಾಟು ಒಂದು: ಪಾಯಿಂಟರ್. ಹಕ್ಕಿಯ ವಾಸನೆ ಸಿಕ್ಕಲ್ಲಿ ಕಲ್ಲಾಗಿ ನಿಂತು ತೋರಿಸುವ ನಾಯಿ. ಬಯಲಲ್ಲಿ ನಡೆಯುತ್ತಾ ಹೊಡೆಯುವವನಿಗೆ.

ಲಾಟು ಎರಡು: ಲ್ಯಾಬ್ರಡಾರ್. ಪಕ್ಕದಲ್ಲಿ ಕೂತು, ಬಿದ್ದದ್ದನ್ನು ತರುವ ನಾಯಿ. ಗೂಟದ ಬಳಿ ನಿಂತು ಹೊಡೆಯುವವನಿಗೆ.

ಲಾಟು ಮೂರು: ಸ್ಪ್ಯಾನಿಯಲ್. ಮುಳ್ಳುಪೊದೆಗೆ ನುಗ್ಗಿ ಹಕ್ಕಿ ಎಬ್ಬಿಸುವ ನಾಯಿ. ಮರ್ಯಾದೆ ಬೇಡದವನಿಗೆ.

ಎನಿಡ್ ಹೆಗಲ ಮೇಲಿಂದ ಬಗ್ಗಿ ಓದಿದಳು. "ನನ್ನ ಆರಿಸ್ಕೊಂಡಾಗ ಚೀಟಿ ಬರೆದಿದ್ಯಾ? ಎರಡು ಸುತ್ತು ಕುಣಿದೆ, ಮೂರನೇ ಸುತ್ತಿಗೆ ಉಂಗುರದ ಅಳತೆ ಕೇಳ್ದೆ."

ಹೆಂಡತಿಯಿಂದ ಹಕ್ಕಿ ಹುಡುಕಿಸಬೇಕಾಗಿರಲಿಲ್ಲ ಎಂದೆ. ಸಂಜೆಯ ಚಹಾಕ್ಕೆ ಬಿಸ್ಕತ್ತು ಸಿಗಲಿಲ್ಲ.

ಆಗಸ್ಟ್ 20

ಜಾಸ್ ಆಲ್ಡರ್ಸನ್ ಬಂದಿದ್ದ. ಹಕ್ಕಿಮರಿಗಳನ್ನು ಸಾಕುವುದು, ನರಿಯಿಂದ ಕಾಯುವುದು, ಬೇಟೆಯ ದಿನ ಸೋವಿನವರನ್ನು ನಡೆಸುವುದು, ಎಲ್ಲ ಅವನದೇ. ನಾಯಿಯ ವಿಷಯದಲ್ಲಿ ಈ ಕಣಿವೆಯಲ್ಲಿ ಅವನ ಮಾತೇ ಕೊನೆಯ ಮಾತು.

"ತಳಿ ಆಮೇಲೆ ಸಾರ್," ಎಂದ, ಎನಿಡ್ ಮಾಡಿದ ಶುಂಠಿ ಕೇಕಿನ ನಾಲ್ಕನೇ ತುಂಡಿಗೆ ಕೈ ಹಾಕುತ್ತಾ. "ಮೊದ್ಲು ನೀವು ಹೇಗೆ ಬೇಟೆ ಆಡ್ತೀರಿ ಹೇಳಿ. ಅದಕ್ಕೆ ತಕ್ಕ ನಾಯಿ ನಾನು ಹೇಳ್ತೀನಿ. ಆದ್ರೆ ನಿಜ ಹೇಳ್ಬೇಕು, ಡಾಕ್ಟ್ರ ಹತ್ರ ಹೇಳ್ದಂಗೆ."

"ಎತ್ತರದ ಹಕ್ಕಿಗಳನ್ನೇ ಆರಿಸ್ಕೊಂಡು ಹೊಡೀತೀನಿ. ತೋಟಾದಲ್ಲಿ ಸಣ್ಣ ಸೀಸದ ಚರೆ, ಸ್ಥಿರ ಕೈ. ದಿನಕ್ಕೆ ಹನ್ನೊಂದು ಹಕ್ಕಿಗೆ ಕಡಿಮೆ ಯಾವತ್ತೂ ಇಲ್ಲ."

ಜಾಸ್‌ಗೆ ಕೇಕು ಗಂಟಲಲ್ಲಿ ಸಿಕ್ಕಿಕೊಂಡಿತು. ಎನಿಡ್ ಓಡಿಬಂದು ಬೆನ್ನು ಗುದ್ದಿದಳು. ಆಮೇಲೆ ಇಬ್ಬರೂ ಕಿಟಕಿಯ ಆಚೆ ಏನೋ ಇದೆ ಎನ್ನುವಂತೆ ನೋಡುತ್ತಾ ನಿಂತರು. ಅಲ್ಲಿ ಏನೂ ಇರಲಿಲ್ಲ.

ಹೋಗುವಾಗ ಸೇಬಿನ ಮರದ ಹತ್ತಿರ ಟೋಪಿ ತೆಗೆದ. "ಕಲಾವಿದ ಸಾರ್ ಇವ್ನು. ನಿಮ್ಮ ಇಡೀ ಬೇಟೆ ಇವನ ತಲೆ ಮೇಲೆ ನಿಂತಿತ್ತು."

ಎಷ್ಟು ಚೆನ್ನಾಗಿ ಹೇಳಿದ. ಜಾಸ್ ಹೊಗಳುವುದು ಅಪರೂಪ, ಅದಕ್ಕೇ ಬರೆದಿಟ್ಟಿದ್ದೇನೆ.

ಸೆಪ್ಟೆಂಬರ್ 10

ಲಾಟು ಒಂದರ ಪರೀಕ್ಷೆ. ಕಣಿವೆಯಾಚೆಯ ಒಬ್ಬ ನಿವೃತ್ತ ಮೇಜರ್ ತನ್ನ ಪಾಯಿಂಟರ್ ಗ್ರೇಟಾಳನ್ನು ಒಂದು ದಿನಕ್ಕೆ ಕೊಟ್ಟು, ತಾನೂ ಜೊತೆಗೆ ಬಂದ. ಕೊಯ್ದ ಗೋಧಿ ಹೊಲದಲ್ಲಿ ಕೌಜುಗದ ಬೇಟೆ.

ನಾಯಿ ಸುಂದರಿ. ಐವತ್ತು ಗಜ ಓಡಿ, ತಟ್ಟನೆ ನಿಂತು, ಒಂದು ಕಾಲೆತ್ತಿ, ಮೂಗು ಚಾಚಿ "ಇಗೋ ಇಲ್ಲಿದೆ" ಎಂದು ತೋರಿಸಿತು. ನಡೆದು ಹೋದೆ, ಹಕ್ಕಿಗಳು ಎದ್ದವು, ಎರಡೂ ನಳಿಗೆ ಹಾರಿಸಿದೆ. ಗಾಳಿ ಇತ್ತು. ಎರಡನೇ ಸಲ ಬಿಸಿಲು ಕಣ್ಣಿಗೆ ಬಿತ್ತು. ಮೂರನೇ ಸಲ ಮೇಜರ್ ಕೆಮ್ಮಿದ.

ಐದನೇ ಸಲ ಗ್ರೇಟಾ ಕಾಲೆತ್ತಿ ನಿಂತಲ್ಲಿಂದಲೇ ಕತ್ತು ತಿರುಗಿಸಿ ನನ್ನನ್ನು ನೋಡಿತು. ಆ ನೋಟ ನನಗೆ ಹಿಡಿಸಲಿಲ್ಲ. ಏಳನೆಯದಾದ ಮೇಲೆ ಹೊಲ ದಾಟಿ, ಬೇಲಿ ಹಾರಿ, ಕಾರಿನ ಬಾಗಿಲ ಮುಂದೆ ಹೋಗಿ ಕೂತಿತು. ಕರೆದರೆ ಬರಲಿಲ್ಲ.

"ಹುಷಾರಿಲ್ಲ ಅನ್ಸುತ್ತೆ ಪಾಪ," ಎಂದ ಮೇಜರ್.

ಚೀಟಿಯಲ್ಲಿ ಬರೆದೆ: ತೀರಾ ಸೊಕ್ಕು. ನಮ್ಮ ಮನೆಗೆ ಒಗ್ಗುವುದಿಲ್ಲ.

ಅಕ್ಟೋಬರ್ 22

ಮೊದಲ ಬೇಟೆ. ಎರವಲು ತಂದದ್ದು ಪ್ರೂ ಎಂಬ ಹಳದಿ ಲ್ಯಾಬ್ರಡಾರ್. ಸ್ಪರ್ಧೆಗಳಲ್ಲಿ ಗೆದ್ದ ನಾಯಿ, ಮಹಾ ಶಿಸ್ತು. ಐದನೇ ಗೂಟದ ಪಕ್ಕ ಕೂತಿತೆಂದರೆ ಕಿವಿಯೂ ಅಲ್ಲಾಡಲಿಲ್ಲ. ಪ್ರತಿ ಸುತ್ತು ಮುಗಿದು ಕಹಳೆ ಊದಿದ ಮೇಲೆ "ಹೋಗು, ತಾ" ಎಂದರೆ ಎದ್ದು ನಿಂತು, ಸುತ್ತ ನೋಡಿ, ಮತ್ತೆ ಕೂತುಬಿಡುತ್ತಿತ್ತು.

ಮೂರನೇ ಸುತ್ತಿನಲ್ಲಿ ಹೋಗಿ ಒಂದು ಹಕ್ಕಿ ತಂದಿತು. ಇಡೀ ದಿನಕ್ಕೆ ಅದೊಂದೇ. ಬಿಷಪ್ ಇದ್ದಿದ್ದರೆ ಇಷ್ಟು ಹೊತ್ತಿಗೆ ನನ್ನ ಕಾಲ ಬಳಿ ಹನ್ನೊಂದಾದರೂ ರಾಶಿ ಬಿದ್ದಿರುತ್ತಿದ್ದವು. ಕಹಳೆಯ ಸದ್ದು ಮುಗಿಯುವ ಮೊದಲೇ ಓಡುತ್ತಿದ್ದ ನನ್ನ ಮಗ.

ಆರನೇ ಗೂಟದ ಸೆಪ್ಟಿಮಸ್ ಮಾತ್ರ ಕುಣಿಯುತ್ತಿದ್ದ. ಕುರಿ ಸಾಕುವ ಸೆಪ್ಟಿಮಸ್ ನನ್ನ ಹಳೆಯ ಗೆಳೆಯ, ಸಾಧಾರಣ ಗುರಿಗಾರ. ಯಾವತ್ತೂ ಆರು ದಾಟಿದವನಲ್ಲ. ಇವತ್ತು ಹದಿನೈದು!

"ಅಲ್ಲಯ್ಯಾ, ಹೊಸ ಕನ್ನಡಕವೇನೋ?" ಎಂದೆ.

"ಹೂಂ ಕಣಯ್ಯಾ," ಎಂದು ಮೂಗು ಉಜ್ಜಿಕೊಂಡ. "ಕನ್ನಡಕದ್ದೇ ಮಹಿಮೆ."

ಮೂಗಿನ ಮೇಲೆ ಇದ್ದದ್ದು ಹಗ್ಗ ಕಟ್ಟಿದ ಅದೇ ಹಳೆಯ ಕನ್ನಡಕದ ಹಾಗೆ ಕಂಡಿತು.

ಚೀಟಿ: ಪ್ರೂ ಸೋಮಾರಿ. ಹುಡುಕುವ ಆಸಕ್ತಿ ಇಲ್ಲ.

ನವೆಂಬರ್ 1

ಎನಿಡ್ ಜಾಸ್‌ನ ಮನೆಗೆ ಮೊಟ್ಟೆ ತರಲು ಹೋದವಳು ಮೊಟ್ಟೆ ಬಿಟ್ಟು ನಾಯಿ ತಂದಳು. ಕಂದು ಬಿಳಿ ಸ್ಪ್ಯಾನಿಯಲ್, ಎರಡು ವರ್ಷ, ಹೆಸರು ಟಾನ್ಸಿ. ಬಂದ ಹತ್ತು ನಿಮಿಷದಲ್ಲಿ ನನ್ನ ಎಡಗಾಲಿನ ಚಪ್ಪಲಿ, ಕೋಳಿಗೂಡಿನಿಂದ ಒಂದು ಜೀವಂತ ಕೋಳಿ, ಪಕ್ಕದ ಮನೆಯ ಪಾದ್ರಿಯ ಕಾಲುಚೀಲ, ಎಲ್ಲ ತಂದು ನನ್ನ ಮುಂದೆ ಇಟ್ಟಿತು. ಕೋಳಿಗೆ ಒಂದು ಗರಿಯೂ ಕೊಂಕಿರಲಿಲ್ಲ. ಅವಮಾನವಾಗಿತ್ತು ಅಷ್ಟೆ.

"ಲಾಟು ಮೂರು," ಎಂದಳು ಎನಿಡ್.

"ಇದು ನನ್ನ ಬೇಟೆಗೆ ಸರಿಹೊಂದೋ ನಾಯಿ ಅಲ್ಲ."

"ನಾಯಿ ಅಲ್ಲಿ ಕೂತಿದೆ, ಅದಕ್ಕೇ ಹೇಳು."

ಹೇಳಲು ಹೋದೆ. ತೊಡೆಯ ಮೇಲೆ ಗಲ್ಲವಿಟ್ಟು ಕೇಳಿಸಿಕೊಂಡಿತು. ಹನ್ನೆರಡನೇ ತಾರೀಕಿನವರೆಗೆ ಇರಲಿ, ಬೇರೆ ದಾರಿಯಿಲ್ಲ.

ನವೆಂಬರ್ 12

ಮುಗಿಯಿತು. ನನ್ನ ಮಾನ ಹರಾಜಾಯಿತು. ನಾನೇ ಕೂಗಿದ್ದರೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ.

ಬೆಳಗಿನ ಮೊದಲ ಸುತ್ತು. ಮುನ್ನೆಚ್ಚರಿಕೆಗೆ ಟಾನ್ಸಿಯನ್ನು ಐದನೇ ಗೂಟಕ್ಕೇ ಕಟ್ಟಿದ್ದೆ. ಕಾಡಿನೊಳಗೆ ಸೋವಿನವರ ಕೋಲಿನ ಸದ್ದು ಕೇಳಿದ್ದೇ ತಡ, ಅದು ಎದ್ದಿತು. ಗೂಟವೂ ಎದ್ದಿತು. ಎಳೆದುಕೊಂಡೇ ಕಾಡಿಗೆ ನುಗ್ಗಿ, ಇಡೀ ದಿನಕ್ಕೆಂದು ಜಾಸ್ ಒಂದೆಡೆ ಸೇರಿಸಿಟ್ಟಿದ್ದ ಇನ್ನೂರು ಹಕ್ಕಿಗಳನ್ನೂ ಒಂದೇ ಉಸಿರಿಗೆ ಎಬ್ಬಿಸಿತು. ಅವು ನಮ್ಮ ಕಡೆ ಬರಲಿಲ್ಲ. ಹಿಂದೆ, ಊಟದ ಟ್ರೇಲರಿನ ಮೇಲೆ ಹಾರಿ, ಪಕ್ಕದ ಎಸ್ಟೇಟಿಗೆ ಹೋದವು. ಒಂಬತ್ತು ಜನ ಬಾಯಿ ಬಿಟ್ಟುಕೊಂಡು ಬೀಳ್ಕೊಟ್ಟೆವು.

ಸದ್ದೆಲ್ಲ ಅಡಗಿದ ಮೇಲೆ ಟಾನ್ಸಿ ಬಂತು. ಬಾಯಲ್ಲಿ ಹಾರ್ಕರನ ಊಟದ ಹಂದಿಮಾಂಸದ ಕಡುಬು, ಅಂಚೂ ಮುರಿಯದೆ. ಹಿಂದೆ ಎಳೆದುಕೊಂಡು ಬಂದದ್ದು ನನ್ನ ಗೂಟ. ಎರಡನ್ನೂ ನನ್ನ ಕಾಲ ಬಳಿ ಇಟ್ಟು ಬಾಲ ಆಡಿಸಿತು.

ಹಾರ್ಕರ್ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿದ್ದ. "ಗೂಟಾನೇ ಕಿತ್ಕೊಂಡು ಬಂದಿದೆಯಲ್ಲಯ್ಯಾ ನಿನ್ನ ನಾಯಿ! ನನಗೆ ಕೀಳೋ ಕೆಲಸಾನೇ ಇಡ್ಲಿಲ್ಲ. ಮುಂದಿನ ಬೇಟೆಯಿಂದ ಅಲ್ಲಿ ನನ್ನಳಿಯ ನಿಲ್ತಾನೆ. ಹದಕ್ಕೆ ಬರೋವರೆಗೂ ನೀನೂ ಅದೂ ಸೋವಿನವರ ಜೊತೆ ನಡೀರಿ."

ಸೆಪ್ಟಿಮಸ್ ಟೋಪಿಯಲ್ಲಿ ಮುಖ ಮುಚ್ಚಿಕೊಂಡಿದ್ದ. ದುಃಖಕ್ಕೆ ಎಂದುಕೊಂಡೆ. ಭುಜ ಕುಣಿಯುತ್ತಿತ್ತು.

ನವೆಂಬರ್ 13

ಬರೆಯಲು ಮನಸ್ಸಿಲ್ಲ.

ನವೆಂಬರ್ 26

ಸೋವಿನವರ ಜೊತೆ ಮೊದಲ ದಿನ. ಇದು ಸ್ವಲ್ಪ ಕಾಲದ ಏರ್ಪಾಡು, ನಾಯಿ ಹದಕ್ಕೆ ಬರಲಿ ಎಂದು.

ಬಂದೂಕಿಲ್ಲದೆ ಕೈ ಬೋಳು ಬೋಳು. ಜಾಸ್ ಒಂದು ಹೇಝಲ್ ಗಿಡದ ಕೋಲು ಕತ್ತರಿಸಿ ಕೊಟ್ಟ. ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಶಾಲೆಯ ಅಡುಗೆಯ ನೆಟ್ಟಿ, ನಡುವೆ ಮುಳ್ಳು. ಟಾನ್ಸಿ ಮುಳ್ಳಿನ ಈ ಕಡೆ ಮಾಯವಾಗಿ ಆ ಕಡೆ ಹುಟ್ಟುತ್ತದೆ, ಕಿವಿ ಹರಿದುಕೊಂಡು ನಗುತ್ತದೆ. ಜಾಸ್‌ನ ಶಿಳ್ಳೆಗೆ ಕೂರುತ್ತದೆ. ನನ್ನ ಶಿಳ್ಳೆಗೆ ಯೋಚಿಸುತ್ತದೆ.

"ಅಯ್ಯೋ ಪುಣ್ಯಾತ್ಮ, ಬಾಯಿ ಬಿಡಿ!" ಎಂದು ನೆಟ್ಟಿ ಕೂಗಿದಳು. "ಸುಮ್ನೆ ಬಂದ್ರೆ ಹಕ್ಕಿ ಕಾಲ್ ಸಂದೀಲಿ ಹಿಂದಕ್ಕೆ ಓಡ್ತವೆ. ಏನಾದ್ರೂ ಕೂಗಿ!"

ನನಗೆ ಗೊತ್ತಿರುವುದು ಒಂದೇ ಕೂಗು. "ಬನ್ನಿ ಬನ್ನಿ ಬನ್ನಿ, ಒಳ್ಳೇ ಮೈಕಟ್ಟು, ಉದ್ದ ಬಾಲ, ಯಾರಿದ್ದೀರಿ? ಒಂದು ಸಾರಿ! ಎರಡು ಸಾರಿ!" ಕೋಲನ್ನು ಓಕ್ ಮರಕ್ಕೆ ಹೊಡೆದು "ಮೂರು ಸಾರಿ!" ಎಂದೆ. ಎಲ್ಲ ಒಮ್ಮೆಗೇ ಏಳದೆ, ಬೇಕಾದ ಹಾಗೆ ಎರಡೇ ಹಕ್ಕಿ ಎದ್ದವು, ನೇರ, ಎತ್ತರ. ಮತ್ತೆ ಕೂಗಿದೆ. ಇನ್ನೆರಡು. ಸಾಲಿನ ಆ ತುದಿಯಿಂದ ಚಪ್ಪಾಳೆ ಕೇಳಿಸಿತು.

ಊಟ ಗೋದಾಮಿನಲ್ಲಿ ಹುಲ್ಲಿನ ಪಿಂಡಿಗಳ ಮೇಲೆ. ಬೇಕನ್ ಇಟ್ಟ ರೊಟ್ಟಿ, ಡಬ್ಬಿಯಲ್ಲಿ ಕುದಿಸಿದ ಚಹಾ, ಹಾರ್ಕರನ ನಡಿಗೆಯನ್ನು ನೆಟ್ಟಿ ಮಾಡಿ ತೋರಿಸಿದ್ದು. ಇಷ್ಟು ನಕ್ಕು ವರ್ಷಗಳಾಗಿದ್ದವು. ಈಡುಗಾರರ ಟ್ರೇಲರಿನಲ್ಲಿ ನಗು ಕಡಿಮೆ, ಅಲ್ಲಿ ಹೆಚ್ಚಾಗಿ ಮೊಣಕಾಲಿನ ಮಾತು.

ಕೂಲಿಗೆ ಎರಡು ಹಕ್ಕಿ ಸಿಕ್ಕವು. ಮಾಂಸ ಹದಕ್ಕೆ ಬರಲಿ ಎಂದು ಎರಡು ವಾರಕ್ಕೆ ಉಗ್ರಾಣದ ಚಳಿಯಲ್ಲಿ ನೇತುಹಾಕಿದ್ದೇನೆ. ಕಾಲು ನೋಯುತ್ತಿದೆ. ಹಸಿವು ಭಯಂಕರ.

ಡಿಸೆಂಬರ್ 10

ಕೆಸರು, ಆಲಿಕಲ್ಲು, ಬೆನ್ನು ನೋವು. ಟಾನ್ಸಿ ಎಂಟು ಸಲ ನನ್ನ ಶಿಳ್ಳೆಗೇ ಕೂತಿತು! ಎಂಟು! ಹಲ್ಲಿನ ಡಾಕ್ಟರು ಐದನೇ ಗೂಟದಲ್ಲಿ ಚಳಿಗೆ ನಡುಗುತ್ತಾ ನಿಂತಿದ್ದ. ಪಾಪ ಅನ್ನಿಸಿತು. ಬೆಳಿಗ್ಗೆ ಬಂದೂಕಿಗೆ ಎಣ್ಣೆ ಹಾಕಬೇಕೆಂದಿದ್ದೆ, ಮರೆತೆ.

ಡಿಸೆಂಬರ್ 11, ಭಾನುವಾರ

ಮಧ್ಯಾಹ್ನದ ಊಟಕ್ಕೆ ಕೂಲಿಗೆ ಸಿಕ್ಕಿದ್ದ ಆ ಎರಡು ಹಕ್ಕಿ. ಎರಡನೇ ತುತ್ತಿಗೆ ಹಲ್ಲಿಗೆ ಚರೆ ಸಿಕ್ಕಿತು. ತಟ್ಟೆಯ ಅಂಚಿಗೆ ಉಗುಳಿ ನೋಡಿದೆ. ದಪ್ಪದ್ದು.

"ಇದು ಸೆಪ್ಟಿಮಸ್ ಹೊಡೆದ ಹಕ್ಕಿ," ಎಂದೆ. "ನಮ್ಮಲ್ಲಿ ಇಷ್ಟು ದಪ್ಪ ಚರೆ ಹಾಕೋದು ಅವನೊಬ್ಬನೇ. ನನ್ನದು ಸಾಸಿವೆ ಥರ."

ಎನಿಡ್ ಚಾಕು ಕೆಳಗಿಟ್ಟಳು. ಎದ್ದು ಹೋಗಿ ಕಪಾಟಿನಿಂದ ಸಾಸಿವೆಪುಡಿಯ ಹಳೆಯ ಡಬ್ಬಿ ತಂದು ನನ್ನ ಮುಂದೆ ಅಲ್ಲಾಡಿಸಿದಳು. ಗಲಗಲ ಎಂದಿತು.

"ಹನ್ನೆರಡು ವರ್ಷ ನೀನು ತಂದ ಹಕ್ಕಿಗಳಲ್ಲಿ ನನಗೆ ಸಿಕ್ಕ ಚರೆ. ಸುರಿದು ನೋಡು."

ಮೇಜಿನ ಬಟ್ಟೆಯ ಮೇಲೆ ಸುರಿದೆ. ದಪ್ಪದ್ದು, ದಪ್ಪದ್ದು, ಎಲ್ಲ ದಪ್ಪದ್ದೇ.

"ಸಣ್ಣದು ಇಲ್ವೇ ಇಲ್ಲ ಅನ್ಬೇಡ," ಎಂದು ಎನಿಡ್ ಬೆರಳಿನಿಂದ ಸರಿಸಿ ಹುಡುಕಿದಳು. "ಇಗೋ. ಇಲ್ಲೊಂದು. ಎಪ್ಪತ್ತಾರನೇ ಇಸವಿ ಕ್ರಿಸ್‌ಮಸ್ಸಿಂದು. ನನಗೆ ಎಷ್ಟು ಹೆಮ್ಮೆ ಆಗಿತ್ತು ಗೊತ್ತಾ?"

ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಕಹಳೆಯ ಸದ್ದು ಮುಗಿಯುವ ಮೊದಲೇ ಓಡುತ್ತಿದ್ದ ಬಿಷಪ್. ಆರನೇ ಗೂಟದ ಕಡೆಗೇ ಓಡುತ್ತಿದ್ದ ಬಿಷಪ್. ನಾನು ಹಕ್ಕಿಗಳನ್ನು ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡದ್ದು. ಎತ್ತರದ ಹಕ್ಕಿ, ಸ್ಥಿರ ಕೈ ಎಂದು ಬಿಗಿದ ಭಾಷಣಗಳು.

"ಯಾರ್ಯಾರಿಗೆ ಗೊತ್ತು?"

"ಎಲ್ರಿಗೂ. ಪಾದ್ರಿಗೂ."

ತೋಟಕ್ಕೆ ಹೋಗಿ ಸೇಬಿನ ಮರದ ಕೆಳಗೆ ನಿಂತೆ. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಬಿಷಪ್‌ನನ್ನು ಬೈಯಬೇಕೆಂದು ಬಾಯಿ ತೆರೆದರೆ ಅಳು ಬಂತು. ನನ್ನ ಮುಖ ಬಾಡಬಾರದು ಎಂದು ಆ ನಾಯಿ ಹನ್ನೆರಡು ವರ್ಷ ಕದ್ದಿತು. ಅಂಥ ಪ್ರೀತಿಗೆ ನಾನು ತಕ್ಕವನಾಗಿದ್ದೆನೇ, ಗೊತ್ತಿಲ್ಲ.

ಡಿಸೆಂಬರ್ 12

ಸೆಪ್ಟಿಮಸ್‌ನ ಕೊಟ್ಟಿಗೆಗೆ ಹೋಗಿ ತಪ್ಪಾಯಿತು ಎಂದೆ.

"ತಪ್ಪೇನು ಬಂತಯ್ಯಾ? ಬಿಷಪ್ ನನ್ನ ಹಕ್ಕಿ ಎತ್ಕೊಂಡು ಹೋಗೋವಾಗ ನನ್ನ ನೋಡಿ ಬಾಲ ಆಡಿಸ್ಕೊಂಡೇ ಹೋಗ್ತಿದ್ದ. ಅಷ್ಟು ಸಭ್ಯ ಕಳ್ಳನ್ನ ಹೇಗೆ ಬೈಯೋದು?" ಎಂದು ಕುರಿಯ ಗೊರಸು ಕತ್ತರಿಸುತ್ತಲೇ ಹೇಳಿದ. "ನೀನು ಆ ಹಕ್ಕಿ ಎತ್ತಿ ಹಿಡಿದಾಗ ನಿನ್ನ ಮುಖ ನೋಡ್ಬೇಕಿತ್ತು. ಹೇಳೋಕೆ ಯಾರಿಗೂ ಮನಸ್ಸೇ ಬರ್ಲಿಲ್ಲ. ಈಗ ಬಂದಿದ್ದೀಯಲ್ಲ, ಈ ಕುರಿ ಕಾಲು ಹಿಡ್ಕೋ."

ಹಿಡಿದುಕೊಂಡೆ. ಒಂಬತ್ತು ಕುರಿಗಳಾದವು.

ಜನವರಿ 21, 1984

ಮೂರು ಬೇಟೆಯಾಯಿತು, ಟಾನ್ಸಿ ಒಮ್ಮೆಯೂ ಸಾಲು ಬಿಟ್ಟಿಲ್ಲ. ಸಂಜೆ ಹಾರ್ಕರ್ ಬಂದ. ನಿಯಮದ ವಿಷಯದಲ್ಲಿ ಮನುಷ್ಯ ನೆಟ್ಟಗೆ, ಅದನ್ನು ಒಪ್ಪಬೇಕು.

"ನಾಯಿ ಹದಕ್ಕೆ ಬಂದಿದೆ. ಐದನೇ ಗೂಟ ನಿನ್ನದೇ. ಬೇಕೋ ಬೇಡ್ವೋ, ಮುಂದಿನ ವಾರ ಸೋವಿನವರ ದಿನ ಹೇಳಿಬಿಡು. ಅಳಿಯನಿಗೂ ತಿಳಿಸ್ಬೇಕು."

ಬೇಕೋ ಬೇಡವೋ ಎಂದರೇನು? ಆಗಸ್ಟಿನಿಂದ ಒದ್ದಾಡಿದ್ದೇ ಅದಕ್ಕೆ. ಖಂಡಿತ ಬೇಕು. ಹಾಗೆಂದು ಆಗಲೇ ಹೇಳಬಹುದಿತ್ತು, ಆದರೆ ಟಾನ್ಸಿಯ ಪಾದದಿಂದ ಮುಳ್ಳು ತೆಗೆಯುತ್ತಿದ್ದೆ.

ಜನವರಿ 28

ಸೋವಿನವರ ದಿನ. ವರ್ಷಕ್ಕೊಮ್ಮೆ ಲೋಕ ತಲೆಕೆಳಗಾಗುವ ದಿನ. ಸೋವಿನವರು ಬಂದೂಕು ಹಿಡಿದು ಗೂಟದ ಬಳಿ ನಿಲ್ಲುತ್ತಾರೆ, ಈಡುಗಾರರು ಕೋಲು ಹಿಡಿದು ಮುಳ್ಳಿಗೆ ಇಳಿಯುತ್ತಾರೆ. ಸೆಪ್ಟಿಮಸ್ ಮಾತ್ರ ಸೊಂಟ ನೋವೆಂದು ಆರನೇ ಗೂಟ ಬಿಡಲಿಲ್ಲ. ಹಲ್ಲಿನ ಡಾಕ್ಟರು ಮೊದಲ ಹಳ್ಳದಲ್ಲೇ ಸೊಂಟದವರೆಗೆ ಹೂತುಕೊಂಡ. ನೆಟ್ಟಿ ನೆಟ್ಟಗೆ ಹಾರಿದ ಫೆಸೆಂಟ್ ಹುಂಜವನ್ನು ಒಂದೇ ಏಟಿಗೆ ಕೆಡವಿ ಹಾರ್ಕರನಿಗೆ ಸಲಾಮು ಹೊಡೆದಳು.

ಜಾಸ್ ನನಗೆ ಐದನೇ ಗೂಟವನ್ನೇ ಕೊಟ್ಟಿದ್ದ. ಹೋಗಿ ನಿಂತೆ. ಟಾನ್ಸಿ ಪಕ್ಕದಲ್ಲಿ ಕೂತಿತು. ಚೀಲಕ್ಕೆ ಕೈ ಹಾಕಿದರೆ ಸಿಕ್ಕಿದ್ದು ನಾಯಿ ಒರೆಸುವ ಟವೆಲು, ಬಿಸ್ಕತ್ತು, ಶಿಳ್ಳೆ. ಬಂದೂಕು ಮನೆಯಲ್ಲೇ! ಕೋಲು ಮಾತ್ರ ಕೈಯಲ್ಲಿತ್ತು. ವಯಸ್ಸಾಯಿತು ನೋಡಿ.

ಓಡಿಹೋಗಿ ತರಲು ಹೊತ್ತಿರಲಿಲ್ಲ. ಕಾಡಿನೊಳಗೆ ಹಾರ್ಕರ್ ಕೆಮ್ಮುತ್ತಾ ಬರುತ್ತಿದ್ದ, ಹಕ್ಕಿ ಒಂದೂ ಏಳುತ್ತಿರಲಿಲ್ಲ. ತಡೆಯಲಾಗಲಿಲ್ಲ. ಗೂಟದಿಂದಲೇ ಕೂಗಿದೆ: "ಬಾಯಿ ಬಿಡಯ್ಯಾ! ಒಂದು ಸಾರಿ ಅನ್ನು! ಎರಡು ಸಾರಿ!" ಅವನೂ ಕೂಗಿದ. ಕೀರಲು ದನಿ, ಆದರೂ ಎರಡೆರಡು ಹಕ್ಕಿ ಎದ್ದವು. ನನ್ನ ತಲೆಯ ಮೇಲೆ ಒಂದು ದೊಡ್ಡ ಹುಂಜ ಬಿಸಿಲಲ್ಲಿ ತಾಮ್ರದ ಬಣ್ಣವಾಗಿ ಹಾದುಹೋಯಿತು. ಕೋಲೆತ್ತಿ "ಮೂರು ಸಾರಿ" ಎಂದೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಹಕ್ಕಿಯನ್ನು ಸರಿಯಾಗಿ ನೋಡಿದೆ. ಎಷ್ಟು ಚೆಂದ ಇತ್ತು.

ಕಹಳೆ ಊದಿತು. ಟಾನ್ಸಿಗೆ "ಹೋಗು" ಎಂದೆ. ಹೋಗಿ, ತಂದು, ನನ್ನ ಕಾಲ ಬಳಿ ಒಂದು ಫೆಸೆಂಟ್ ಇಟ್ಟು ಬಾಲ ಆಡಿಸಿತು.

ಆರನೇ ಗೂಟದಿಂದ ಸೆಪ್ಟಿಮಸ್ ಬೊಬ್ಬೆ ಹೊಡೆದ. "ಮತ್ತೆ ಶುರುವಾಯ್ತಲ್ಲಪ್ಪೋ! ಈ ಸಲ ಬಂದೂಕೂ ಬೇಡ ಇವನಿಗೆ!"

ಇಡೀ ಸಾಲು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕಿರಬೇಕು, ಪಕ್ಕೆ ಇನ್ನೂ ನೋಯುತ್ತಿದೆ. ಹಕ್ಕಿ ಎತ್ತಿಕೊಂಡು ಹೋಗಿ ಸೆಪ್ಟಿಮಸ್‌ನ ಕೈಗಿಟ್ಟೆ. ನಲವತ್ತು ಗಜ ದೂರ. ಇಷ್ಟು ವರ್ಷದಲ್ಲಿ ಆ ನಲವತ್ತು ಗಜ ನಡೆದೇ ಇರಲಿಲ್ಲ.

ಹಾರ್ಕರ್ ಮುಳ್ಳು ಕಿತ್ತುಕೊಳ್ಳುತ್ತಾ ಬಂದ. "ಗೂಟದ ವಿಷಯ?"

"ನಿನ್ನಳಿಯನಿಗೆ ಕೊಡು. ಮೊದ್ಲು ಅವನನ್ನ ಹಳ್ಳದಿಂದ ಎತ್ತು," ಎಂದೆ. ಬಾಯಿಂದ ಬಂದದ್ದು ಕೇಳಿ ನನಗೇ ಆಶ್ಚರ್ಯ.

ಜಾಸ್ ಪಕ್ಕದಲ್ಲೇ ಇದ್ದ. "ಆಗಸ್ಟಲ್ಲಿ ಒಂದು ಪ್ರಶ್ನೆ ಕೇಳಿದ್ಯಲ್ಲ ಜಾಸ್, ಇನ್ನೊಂದ್ಸಲ ಕೇಳು."

"ಹೇಗೆ ಬೇಟೆ ಆಡ್ತೀರಿ ಸಾರ್?"

"ಚೆನ್ನಾಗಿ ನಡೀತೀನಿ. ಚೆನ್ನಾಗಿ ಕೂಗ್ತೀನಿ. ಹೊಡೆಯೋಕೆ ಬರಲ್ಲ."

"ಅದಕ್ಕೆ ಸ್ಪ್ಯಾನಿಯಲ್ಲೇ ಸರಿ," ಎಂದ ಜಾಸ್. "ಅವತ್ತೇ ನಾನೂ ನಿಮ್ಮನೆಯವರೂ ಆರಿಸಿಟ್ಟಿದ್ವಿ. ನಿಮಗಾಗಿ ಕಾಯ್ತಿದ್ವಿ ಅಷ್ಟೆ."

ಮನೆಗೆ ಬಂದು ಬಂದೂಕು ಮರೆತ ಕಥೆಯನ್ನು ಎನಿಡ್‌ಗೆ ಹೇಳಿದೆ.

"ಮರೆತ್ಯಾ? ಬೆಳಿಗ್ಗೆ ಕಾರಲ್ಲಿಟ್ಟಿದ್ದ ಬಂದೂಕನ್ನ ನೀನೇ ತೆಗೆದು, ಒಳಗೆ ಬೀರುವಿನಲ್ಲಿಟ್ಟು ಬೀಗ ಹಾಕ್ದೆ. ನಾಯಿಗೆ ಮಲಗೋಕೆ ಜಾಗ ಸಾಲ್ದು ಅಂತ. ನಾನು ಕಿಟಕಿಯಿಂದ ನೋಡ್ತಿದ್ದೆ."

ಇರಬಹುದು. ನೆನಪಿಲ್ಲ. ಲಾಟು ಮೂರರ ಚೀಟಿಯಲ್ಲಿ "ಮರ್ಯಾದೆ ಬೇಡದವನಿಗೆ" ಎಂಬ ಕೊನೆಯ ಮಾತು ಹೊಡೆದುಹಾಕಿ ನನ್ನ ಹೆಸರು ಬರೆದಿದ್ದೇನೆ. ಮುಂದಿನ ವರ್ಷಕ್ಕೆ ಕೋಲು ಸ್ವಲ್ಪ ಉದ್ದದ್ದು ಬೇಕು, ಜಾಸ್‌ಗೆ ಹೇಳಬೇಕು.